ಗಾಜಿನ ಕಡಲಿಗೆ ಸುಣ್ಣ ಬಂದ ಕಥೆ

1854ರಲ್ಲಿ ಇಂಗ್ಲೆಂಡಿನ ನಿಸರ್ಗ ಬರಹಗಾರ ಫಿಲಿಪ್ ಹೆನ್ರಿ ಗಾಸ್ ಮನೆಯಲ್ಲೇ ಸಮುದ್ರದ ನೀರು ತಯಾರಿಸಲು ಹೊರಟರು. ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಹುಚ್ಚು ಆಗಷ್ಟೇ ಆ ದೇಶಕ್ಕೆ ಹತ್ತಿತ್ತು. ಅದರ ಹಿಂದಿನ ವರ್ಷವೇ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆದಿತ್ತು. ಆದರೆ ಕರಾವಳಿಯಿಂದ ದೂರ ಇರುವವರು ನೀರಿಗೆ ಏನು ಮಾಡಬೇಕು? ಪೀಪಾಯಿಯಲ್ಲಿ ತುಂಬಿಸಿ ತರಿಸಿದರೆ ದುಡ್ಡೂ ಹೋಗುತ್ತಿತ್ತು, ದಾರಿಯಲ್ಲೇ ನೀರೂ ಕೆಡುತ್ತಿತ್ತು. ಗಾಸ್ ಬ್ರೈಟನ್ ಕಡಲಿನ ನೀರನ್ನು ರಸಾಯನಜ್ಞ ಶ್ವೈಟ್ಜರ್ ವಿಶ್ಲೇಷಿಸಿ ಕೊಟ್ಟಿದ್ದ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಪಾಕ ಹೂಡಿದರು: 81 ಭಾಗ ಅಡುಗೆ ಉಪ್ಪು, 10 ಭಾಗ ಮೆಗ್ನೀಸಿಯಂ ಕ್ಲೋರೈಡ್, 7 ಭಾಗ ಎಪ್ಸಮ್ ಲವಣ, 2 ಭಾಗ ಪೊಟ್ಯಾಸಿಯಂ ಕ್ಲೋರೈಡ್. ಅಲ್ಲಿಗೆ ನೂರು ಭಾಗ ತುಂಬಿತು.

ಪಟ್ಟಿಯಲ್ಲಿದ್ದರೂ ಪಾಕಕ್ಕೆ ಬೀಳದೆ ಉಳಿದದ್ದು ಸುಣ್ಣದ ಅಂಶ. ಸುಣ್ಣದ ಕಾರ್ಬೊನೇಟ್ ತೀರಾ ಅತ್ಯಲ್ಪ, ತೊಟ್ಟಿಯ ತಳಕ್ಕೆ ಹಾಸುವ ಚಿಪ್ಪು ಮತ್ತು ಹವಳದ ಚೂರುಗಳಿಂದ ಅದು ಹೇಗೂ ಸಿಗುತ್ತದೆ ಎಂದು ಗಾಸ್ ಎಣಿಸಿದರು. ಸುಣ್ಣದ ಸಲ್ಫೇಟ್ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲವೆಂದು ಅದನ್ನೂ ಕೈಬಿಟ್ಟರು. ಅವರ ಬಳಿಯಿದ್ದ ಮಾಹಿತಿಗೆ ಇದು ಸರಿಯಾದ ತರ್ಕವೇ. ಅವರು ಸಾಕುತ್ತಿದ್ದುದು ಬಹುಪಾಲು ಕಡಲ ಹೂವುಗಳನ್ನು, ಅಂದರೆ ಮೈಯಲ್ಲಿ ಕಲ್ಲಿಲ್ಲದ ಮೆತ್ತನೆಯ ಜೀವಿಗಳನ್ನು. ಅವು ಆ ನೀರಿನಲ್ಲಿ ಬದುಕಿದವು. ಪಾಕ ಗೆದ್ದಿತು, ಪುಸ್ತಕಗಳಲ್ಲಿ ಹರಡಿತು. ಕಲ್ಲು ಕಟ್ಟುವ ಜೀವಿಗೆ ಆ ನೀರಿನಲ್ಲಿ ಕಟ್ಟಲು ಏನೂ ಇಲ್ಲ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಗಾಸ್‌ಗಿಂತ ಎಂಟು ವರ್ಷ ಮೊದಲೇ ಒಬ್ಬರು ಕಲ್ಲುಹವಳವನ್ನು ಲಂಡನ್ನಿನಲ್ಲಿ ಬದುಕಿಸಿದ್ದರು. ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಅಧಿಕಾರಿಯೊಬ್ಬರ ಪತ್ನಿ ಅನ್ನಾ ಥಿನ್ 1846ರಲ್ಲಿ ಟಾರ್ಕಿ ಕಡಲತೀರದಿಂದ ಪುಟ್ಟ ಬಟ್ಟಲಿನಾಕಾರದ ಹವಳಗಳನ್ನು ಜಾಡಿಯಲ್ಲಿಟ್ಟು ಮನೆಗೆ ತಂದರು. ಕಡಲ ನೀರು ಮುಗಿದಾಗ ಇದ್ದ ನೀರಿಗೇ ಗಾಳಿ ಸೇರಿಸುವ ದಾರಿ ಹುಡುಕಿದರು. ಮನೆಗೆಲಸದ ಹುಡುಗಿ ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಅದರಿಂದ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ಸುರಿಯುತ್ತಲೇ ಇರಬೇಕಿತ್ತು. ಆ ಹುಡುಗಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಮನೆಯೊಳಗೆ ಹವಳ ಬದುಕಿದ್ದರಲ್ಲಿ ಅವಳ ತೋಳುಗಳ ಪಾಲು ದೊಡ್ಡದು. ಮರುವರ್ಷ ಥಿನ್ ಕಡಲ ಪಾಚಿಯನ್ನು ಜಾಡಿಗೆ ಸೇರಿಸಿದರು. ಹವಳಗಳು ವರ್ಷಗಟ್ಟಲೆ ಬದುಕಿ ಮರಿ ಹಾಕಿದವು. ಇವು ತಣ್ಣನೆಯ ನೀರಿನ, ಬಹಳ ನಿಧಾನಕ್ಕೆ ಬೆಳೆಯುವ ಹವಳಗಳು. ಅವುಗಳಿಗೆ ಬೇಕಾದ ಸುಣ್ಣ ಅಷ್ಟು ಕಡಿಮೆಯಿದ್ದುದರಿಂದ ನಿಜವಾದ ಕಡಲ ನೀರಿನಲ್ಲಿದ್ದ ದಾಸ್ತಾನೇ ಸಾಕಾಯಿತು. ಉಷ್ಣವಲಯದ ಹವಳ ತಂದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಬೇರೆ ಏಕೆ ಆಗುತ್ತಿತ್ತೆಂದು ತಿಳಿಯಲು ಹವಳ ಮನೆ ಕಟ್ಟುವ ಬಗೆಯನ್ನು ನೋಡಬೇಕು. ಹವಳದ ಪಾಲಿಪ್ ಎಂಬ ಪುಟ್ಟ ಜೀವಿ ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಬೈಕಾರ್ಬೊನೇಟನ್ನೂ ಎಳೆದುಕೊಳ್ಳುತ್ತದೆ, ಎರಡನ್ನೂ ಸೇರಿಸಿ ತನ್ನ ಅಡಿಯಲ್ಲಿ ಅರಗೊನೈಟ್ ಎಂಬ ಸುಣ್ಣದ ಹರಳನ್ನು ಪದರ ಪದರವಾಗಿ ಹಾಕುತ್ತದೆ. ಬೆಚ್ಚಗಿನ ಕಡಲಿನ ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಿದ್ದು ಬಿಸಿಲಿನಿಂದ ಸಕ್ಕರೆ ಮಾಡಿ ಕೊಡುತ್ತವೆ. ಜಮೈಕಾದಲ್ಲಿ ಥಾಮಸ್ ಗೊರೊ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಈ ಕೆಲಸದ ವೇಗವನ್ನು ಅಳೆದು 1959ರಲ್ಲಿ ಪ್ರಕಟಿಸಿದರು. ಬೆಳಕಿದ್ದಾಗ ಹವಳ ಕಲ್ಲು ಕಟ್ಟುವ ವೇಗ ಕತ್ತಲಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು ಎಂದು ಅದರಿಂದ ಸ್ಪಷ್ಟವಾಯಿತು. ಹವಳಕ್ಕೆ ಬೆಳಕು ಬೇಕೆಂಬ ಮಾತು ಹವ್ಯಾಸಿಗಳಿಗೆ ಬೇಗ ನಾಟಿತು. ಬೆಳಕು ಹೆಚ್ಚಿದಷ್ಟೂ ನೀರಿನ ದಾಸ್ತಾನು ಬೇಗ ಬರಿದಾಗುತ್ತದೆ ಎಂಬ ಇನ್ನೊಂದು ಅರ್ಧ ನಾಟಲು ದಶಕಗಳೇ ಬೇಕಾದವು.

ಲೆಕ್ಕ ಸರಳ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಗೆ ಕ್ಷಾರೀಯತೆ, ಹವ್ಯಾಸಿಗಳ ಬಾಯಲ್ಲಿ ಆಲ್ಕಲಿನಿಟಿ ಎಂದು ಹೆಸರು. ಅದರ ಬಹುಭಾಗ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್. ಜರ್ಮನ್ ಡಿಗ್ರಿಯಲ್ಲಿ ಅಳೆದರೆ ಕಡಲಿನಲ್ಲಿ ಅದು ಸುಮಾರು 7. ಈಗ 100 ಲೀಟರಿನ ತೊಟ್ಟಿಯಲ್ಲಿ ಎಲ್ಲ ಹವಳಗಳೂ ಸೇರಿ ಒಂದೇ ಒಂದು ಗ್ರಾಂ ಕಲ್ಲು ಕಟ್ಟಿದವು ಎನ್ನೋಣ. ಕ್ಯಾಲ್ಸಿಯಂ 420ರಿಂದ 416ಕ್ಕೆ ಇಳಿಯುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಕ್ಷಾರೀಯತೆ ಮಾತ್ರ 7ರಿಂದ ಆರೂವರೆಯ ಕೆಳಗೆ ಜಾರಿರುತ್ತದೆ. ಕ್ಷಾರೀಯತೆ ಪೂರ್ತಿ ಸೊನ್ನೆಗೆ ಬಂದರೂ ಕ್ಯಾಲ್ಸಿಯಂ ಇಳಿಯುವುದು ಸುಮಾರು 50 ಮಿಲಿಗ್ರಾಂ ಅಷ್ಟೇ. ಕಡಲಿನಲ್ಲಿ ಕ್ಯಾಲ್ಸಿಯಂ ಕಣಜದಷ್ಟಿದೆ, ಕ್ಷಾರೀಯತೆ ಸೇರಿನಷ್ಟಿದೆ. ಹವಳಕ್ಕೆ ಮಾತ್ರ ಎರಡರಿಂದಲೂ ಲೆಕ್ಕ ತಪ್ಪದ ಒಂದೇ ಪ್ರಮಾಣ ಬೇಕು. ಮನೆಯ ತೊಟ್ಟಿಯಲ್ಲಿ ಹವಳ ಸಾಕುವ ವಿದ್ಯೆಯ ಇತಿಹಾಸ ಬಹುಮಟ್ಟಿಗೆ ಈ ಒಂದು ಸಂಗತಿಯನ್ನು ಅರಿಯುವ ಇತಿಹಾಸ.

ಕಡಲು ಬಾಗಿಲಲ್ಲೇ ಇದ್ದವರಿಗೆ ಇದನ್ನು ಅರಿಯುವ ಅಗತ್ಯವೇ ಬರಲಿಲ್ಲ. ನ್ಯೂ ಕ್ಯಾಲಿಡೋನಿಯಾದ ನೂಮೆಯದಲ್ಲಿ ರೆನೆ ಕಟಾಲಾ 1956ರಲ್ಲಿ ತೆರೆದ ಮತ್ಸ್ಯಾಲಯದಲ್ಲಿ ಜೀವಂತ ಹವಳಗಳು ಕತ್ತಲ ಕೋಣೆಯ ನೇರಳಾತೀತ ದೀಪದಡಿ ಬಣ್ಣ ಬಣ್ಣವಾಗಿ ಹೊಳೆದು ಜಗತ್ತನ್ನು ಬೆರಗುಗೊಳಿಸಿದವು. ಅಲ್ಲಿ ಪಂಪು ದಿನವಿಡೀ ಹೊಸ ಕಡಲ ನೀರನ್ನು ತೊಟ್ಟಿಗಳಿಗೆ ಹರಿಸುತ್ತಿತ್ತು. ಹವಳ ತೆಗೆದುಕೊಂಡದ್ದನ್ನು ಕಡಲೇ ತುಂಬಿಕೊಡುತ್ತಿತ್ತು. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಒಂದು ಹವ್ಯಾಸಿ ಪತ್ರಿಕೆಗೆ ತಮ್ಮ ವಿಧಾನವನ್ನು ಬರೆದು ಕಳಿಸಿದರು. ಕಡಲಿನಿಂದ ತಂದ, ಸೂಕ್ಷ್ಮಜೀವಿಗಳು ತುಂಬಿದ ಜೀವಂತ ಬಂಡೆ, ಕಡಲ ನೀರು, ಕಿಟಕಿಯ ಬಿಸಿಲು, ಗಾಳಿಗುಳ್ಳೆ ಬಿಡುವ ಒಂದು ಕೊಳವೆ, ಇಷ್ಟೇ ಅವರ ಸರಂಜಾಮು. ಸೋಸುಯಂತ್ರಗಳ ಭರಾಟೆಯಲ್ಲಿದ್ದ ಅಮೆರಿಕನ್ನರು ಅದನ್ನು ಓದಿ ಬೆರಗಾದರು, ತಾವೂ ಪ್ರಯತ್ನಿಸಿದರು, ಹೆಚ್ಚಿನವರು ಸೋತರು. ಬಂಡೆ ಸಾಗಣೆಯಲ್ಲೇ ಸತ್ತು ನಾರುತ್ತಿತ್ತು. ಪುಡಿ ಉಪ್ಪಿನಿಂದ ಮಾಡಿದ ನೀರನ್ನು ಮತ್ತೆ ಮತ್ತೆ ಬದಲಿಸುವುದು ಜೇಬಿಗೆ ಭಾರವಾಗುತ್ತಿತ್ತು. 1964ರಲ್ಲಿ ಇನ್‌ಸ್ಟಂಟ್ ಓಷನ್ ಎಂಬ ಸಿದ್ಧ ಉಪ್ಪು ಮಾರುಕಟ್ಟೆಗೆ ಬಂದ ಮೇಲೆ ಕರಾವಳಿಯಿಲ್ಲದ ಊರುಗಳಲ್ಲೂ ಕಡಲ ಮೀನು ಸಾಕುವುದು ಸಾಧ್ಯವಾಯಿತು. ಆ ಉಪ್ಪಿನಲ್ಲಿ, ಗಾಸ್ ಪಾಕದಲ್ಲಿ ಇಲ್ಲದಿದ್ದ ಕ್ಯಾಲ್ಸಿಯಂ ಇತ್ತು. ಆದರೂ ಹವಳ ಉಳಿಯಲಿಲ್ಲ, ಏಕೆಂದರೆ ತೊಟ್ಟಿ ತುಂಬಿದ ದಿನ ಇದ್ದದ್ದು ಕೆಲವು ವಾರಗಳಲ್ಲಿ ಮುಗಿಯುತ್ತಿತ್ತು. ಆ ಕಾಲದ ಬಹುತೇಕ ತೊಟ್ಟಿಗಳಲ್ಲಿ ಕಾಣುತ್ತಿದ್ದ ಹವಳವೆಂದರೆ ಅಂಗಡಿಯಿಂದ ತಂದ, ಬ್ಲೀಚಿನಲ್ಲಿ ತೊಳೆದು ಬಿಳಿಚಿಸಿದ ಅಸ್ಥಿಪಂಜರ.

ದಾರಿ ತೋರಿಸಿದವರು ಕಡಲೇ ಇಲ್ಲದ ಸ್ವಿಟ್ಜರ್ಲೆಂಡ್‌ನಲ್ಲಿ ನೆಲೆಸಿದ್ದ ಪೀಟರ್ ವಿಲ್ಕೆನ್ಸ್. ಉಷ್ಣವಲಯದ ಅಕಶೇರುಕಗಳನ್ನು ತೊಟ್ಟಿಯಲ್ಲಿ ಸಾಕುವ ಬಗ್ಗೆ 1973ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಬರೆದ ಪುಸ್ತಕ ಯುರೋಪಿನ ಹವ್ಯಾಸಿಗಳಿಗೆ ಕೈಪಿಡಿಯಾಯಿತು. ಅವರು ಹೇಳಿದ ಔಷಧಿ ಕಾಲ್ಕ್‌ವಾಸರ್, ಅಂದರೆ ಸುಣ್ಣದ ತಿಳಿನೀರು. ಎಲೆಯಡಿಕೆಗೆ ಹಚ್ಚುವ, ಗೋಡೆಗೆ ಬಳಿಯುವ ಅದೇ ಅರಳಿದ ಸುಣ್ಣ; ರಸಾಯನಶಾಸ್ತ್ರದಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್.

ಅದನ್ನು ಮಾಡುವ ಬಗೆ ನೋಡುವಂಥದ್ದು. ಅಗಲ ಬಾಯಿಯ ಮುಚ್ಚಳದ ಪಾತ್ರೆಗೆ ಲವಣವಿಲ್ಲದ ಶುದ್ಧ ನೀರು ತುಂಬಿ, ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಸುಣ್ಣದ ಪುಡಿ ಹಾಕಿ ಕಲಕುತ್ತಾರೆ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕೆಲವು ಗಂಟೆ ಅಲುಗಾಡದಂತೆ ಬಿಟ್ಟರೆ ಕರಗದ ಪುಡಿ ತಳ ಸೇರಿ, ಮೇಲೆ ಕನ್ನಡಿಯಂಥ ತಿಳಿ ನಿಲ್ಲುತ್ತದೆ. ಆ ತಿಳಿಯ ಪಿಎಚ್ ಹನ್ನೆರಡನ್ನು ದಾಟಿರುತ್ತದೆ; ಬರಿಗೈ ಅದ್ದಿದರೆ ಚರ್ಮ ಜಾರುವಂತಾಗಿ ಉರಿಯುತ್ತದೆ. ಮುಚ್ಚಳ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಮೇಲ್ಮೈಯಲ್ಲಿ ತೆಳ್ಳನೆಯ ಸುಣ್ಣಕಲ್ಲಿನ ಹೆಪ್ಪು ಕಟ್ಟುತ್ತದೆ, ಬೆರಳು ಸೋಕಿದರೆ ಗಾಜಿನ ಹಾಳೆಯಂತೆ ಮುರಿಯುತ್ತದೆ. ಈ ತಿಳಿಯನ್ನು ಸಣ್ಣ ಕೊಳವೆಯ ಮೂಲಕ ರಾತ್ರಿ ಹೊತ್ತು ತೊಟ್ಟಿಗೆ ಹನಿ ಹನಿಯಾಗಿ ಬಿಡುತ್ತಾರೆ. ರಾತ್ರಿಯೇ ಏಕೆಂದರೆ ಕತ್ತಲಾದಾಗ ಪಾಚಿಗಳ ದ್ಯುತಿಸಂಶ್ಲೇಷಣೆ ನಿಂತು ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಪಿಎಚ್ ಇಳಿಯುತ್ತದೆ. ಸುಣ್ಣದ ಹನಿ ಆ ಅನಿಲವನ್ನು ಹಿಡಿದು ಬೈಕಾರ್ಬೊನೇಟ್ ಮಾಡುತ್ತದೆ, ಜೊತೆಗೇ ಕ್ಯಾಲ್ಸಿಯಂ ಕೊಡುತ್ತದೆ. ಎರಡೂ ಹವಳ ಬಳಸುವ ಪ್ರಮಾಣದಲ್ಲೇ ಸಿಗುತ್ತವೆ, ಹೆಚ್ಚುವರಿಯಾಗಿ ಏನೂ ಉಳಿಯುವುದಿಲ್ಲ. ಇದಕ್ಕಿಂತ ಚೊಕ್ಕವಾದ ವಿಧಾನ ಇವತ್ತಿಗೂ ಬಂದಿಲ್ಲ.

ಒಂದು ಮಿತಿಯಂತೂ ಇತ್ತು. ತೊಟ್ಟಿಯಿಂದ ಆವಿಯಾದಷ್ಟು ನೀರನ್ನು ಮಾತ್ರ ಸುಣ್ಣದ ತಿಳಿಯಾಗಿ ಮರಳಿ ಕೊಡಬಹುದು, ಇಲ್ಲವಾದರೆ ಉಪ್ಪಿನಂಶ ತೆಳುವಾಗುತ್ತದೆ. ಒಂದು ಲೀಟರ್ ತಿಳಿಯಿಂದ ಹವಳ ಕಟ್ಟಬಹುದಾದದ್ದು ಎರಡು ಗ್ರಾಂ ಕಲ್ಲು. ಹವಳ ದಟ್ಟವಾದಂತೆ ಅದು ಸಾಲದಾಗುತ್ತದೆ. ಈ ಕೊರತೆಯೇ ಮುಂದಿನ ವಿಧಾನಗಳಿಗೆಲ್ಲ ದಾರಿ ಮಾಡಿತು.

ಅದಕ್ಕೂ ಮೊದಲು ಸುಣ್ಣದ ತಿಳಿ ಬರ್ಲಿನ್ ಸೇರಿತು. ಪಶ್ಚಿಮ ಬರ್ಲಿನ್ ಆಗ ಗೋಡೆಯಿಂದ ಸುತ್ತುವರಿದ ಊರು. ಅಲ್ಲಿನ ಹವ್ಯಾಸಿಗಳು, ಅವರಲ್ಲಿ ಮುಖ್ಯವಾಗಿ ಡೀಟ್ರಿಚ್ ಸ್ಟ್ಯೂಬರ್, ನಾಲ್ಕು ಸಂಗತಿಗಳನ್ನು ಒಟ್ಟಿಗೆ ತಂದರು: ಜೀವಂತ ಬಂಡೆ, ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್, ಮೆಟಲ್ ಹ್ಯಾಲೈಡ್ ದೀಪದ ಪ್ರಖರ ಬೆಳಕು, ಮತ್ತು ಸುಣ್ಣದ ತಿಳಿ. ಸ್ಟ್ಯೂಬರ್ ತೊಟ್ಟಿಯಲ್ಲಿ ಅಕ್ರೋಪೊರ ಹವಳ ಜಿಂಕೆಗೊಂಬಿನಂತೆ ಕವಲೊಡೆದು ಬೆಳೆಯಿತು. ಆಗಿನ ಮತ್ಸ್ಯಾಲಯಗಳಲ್ಲಿ ಸಾಯುವುದಕ್ಕೇ ಹೆಸರಾಗಿದ್ದ ಹವಳ ಅದು. ಬೆಳೆದಂತೆಲ್ಲ ಸ್ಟ್ಯೂಬರ್ ಅದರ ಕವಲುಗಳನ್ನು ಮುರಿದು ಗೆಳೆಯರಿಗೆ ಹಂಚಿದರು. ಅವರು ತಮ್ಮಲ್ಲಿ ಬೆಳೆಸಿ ಮತ್ತೊಬ್ಬರಿಗೆ ಹಂಚಿದರು. 1980ರ ದಶಕದಲ್ಲಿ ಅದು ಜರ್ಮನಿ ದಾಟಿ ಯುರೋಪಿನ ಇತರ ದೇಶಗಳಿಗೆ ಹೋಯಿತು. ಒಂದೇ ತಾಯಿಕಾಂಡದ ಮಕ್ಕಳು ಇವತ್ತಿಗೂ ಸ್ಟ್ಯೂಬರ್ ಹೆಸರಲ್ಲೇ ಕೈಯಿಂದ ಕೈಗೆ ಸಾಗುತ್ತಿವೆ. ವಿಶ್ವವಿದ್ಯಾಲಯದ ಪ್ರಯೋಗಾಲಯವಾಗಲಿ ಸರ್ಕಾರದ ಸಂಸ್ಥೆಯಾಗಲಿ ಈ ಕೆಲಸ ಮಾಡಲಿಲ್ಲ. ಸಂಜೆ ಕೆಲಸ ಮುಗಿಸಿ ಮನೆಗೆ ಬಂದು ತೊಟ್ಟಿಯ ಮುಂದೆ ಕೂರುತ್ತಿದ್ದವರು ಮಾಡಿದರು. ಅವರಿಗೆ ಸಲ್ಲಬೇಕಾದ ಗೌರವ ಪೂರ್ತಿ ಸಂದಿಲ್ಲ.

ಅಟ್ಲಾಂಟಿಕ್‌ನ ಆಚೆ ಇದೇ ಹೊತ್ತಿಗೆ ಬೇರೆ ಗಾಳಿ ಬೀಸುತ್ತಿತ್ತು. 1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಪತ್ರಿಕೆಯೊಂದರಲ್ಲಿ ಡಚ್ ಶೈಲಿಯ ಪುಟ್ಟ ರೀಫ್ (ಹವಳ ದಿಬ್ಬದ ಮಾದರಿಯ) ತೊಟ್ಟಿಗಳ ಬಗ್ಗೆ ಲೇಖನಮಾಲೆ ಬರೆದರು. ಸಾವಿರಾರು ಮಂದಿ ಅದರ ಬೆನ್ನು ಹತ್ತಿದರು. ಅದರ ಹೃದಯವೆಂದರೆ ನೀರನ್ನು ಪ್ಲಾಸ್ಟಿಕ್ ಚೆಂಡುಗಳ ಮೇಲೆ ತೊಟ್ಟಿಕ್ಕಿಸುವ ಸೋಸುಯಂತ್ರ. ಅದರಲ್ಲಿ ಬ್ಯಾಕ್ಟೀರಿಯಾಗಳು ಮೀನಿನ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಮೀನಿಗೆ ಅದು ಒಳ್ಳೆಯದೇ, ಆದರೆ ಆ ಕ್ರಿಯೆಯಲ್ಲಿ ಆಮ್ಲ ಹುಟ್ಟಿ ಕ್ಷಾರೀಯತೆಯನ್ನು ತಿನ್ನುತ್ತದೆ. ಹವಳ ತಿನ್ನುವುದು ಸಾಲದೆಂಬಂತೆ ಯಂತ್ರವೂ ತಿನ್ನತೊಡಗಿತು. ಮೆತ್ತನೆಯ ಹವಳಗಳು ಉಳಿದವು, ಕಲ್ಲುಹವಳಗಳು ತಿಂಗಳುಗಳಲ್ಲಿ ಕುಗ್ಗಿದವು.

ಕಾರಣ ಹೊಳೆದಾಗಲೂ ಮೊದಲ ಪರಿಹಾರ ಅರೆಬರೆಯಾಗಿತ್ತು. ಹವಳಕ್ಕೆ ಕ್ಯಾಲ್ಸಿಯಂ ಬೇಕಂತೆ ಎಂದು ಕೇಳಿದವರು ಕ್ಯಾಲ್ಸಿಯಂ ಕ್ಲೋರೈಡ್ ತಂದು ಸುರಿದರು. ಕ್ಯಾಲ್ಸಿಯಂ 500, 600 ಮಿಲಿಗ್ರಾಂ ಮುಟ್ಟಿತು, ಕ್ಷಾರೀಯತೆ ಕುಸಿದೇ ಇತ್ತು. ಅದನ್ನು ಎತ್ತಲು ಅಡುಗೆ ಸೋಡ ಸುರಿದಾಗ ತೊಟ್ಟಿಯಲ್ಲಿ ಬಿಳಿ ಮೋಡವೆದ್ದಿತು. ಎರಡೂ ಒಟ್ಟಿಗೆ ಮಿತಿಮೀರಿ ನೀರಿನಲ್ಲೇ ಸುಣ್ಣಕಲ್ಲಾಗಿ ಉದುರಿತು, ಹೀಟರಿನ ಮೇಲೂ ಪಂಪಿನ ರೆಕ್ಕೆಗಳ ಮೇಲೂ ಗಟ್ಟಿ ಪದರ ಕಟ್ಟಿತು. ಹವಳದ ಪಾಲಿಗೆ ಬರಬೇಕಾದದ್ದು ಹೀಟರು ಪಂಪುಗಳ ಪಾಲಾಯಿತು. ಇದರಲ್ಲಿ ಮೂರನೆಯ ಪಾತ್ರಧಾರಿ ಮೆಗ್ನೀಸಿಯಂ ಇದ್ದುದು ಆಮೇಲೆ ಅರಿವಿಗೆ ಬಂತು. ಲೀಟರಿಗೆ ಸುಮಾರು 1300 ಮಿಲಿಗ್ರಾಂನಷ್ಟಿರುವ ಮೆಗ್ನೀಸಿಯಂ, ಹುಟ್ಟುತ್ತಿರುವ ಸುಣ್ಣದ ಹರಳಿನ ಮೈಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಕಡಲಿನಲ್ಲಿ ಸುಣ್ಣ ಕರಗುವ ಮಿತಿಗಿಂತ ಹೆಚ್ಚಿದ್ದೂ ತಾನಾಗಿ ಉದುರದೆ ಇರುವುದು ಅದರಿಂದಲೇ. ಮೆಗ್ನೀಸಿಯಂ ಇಳಿದ ತೊಟ್ಟಿಯಲ್ಲಿ ಏನು ಹಾಕಿದರೂ ನಿಲ್ಲುತ್ತಿರಲಿಲ್ಲ.

ಜೂಲಿಯನ್ ಸ್ಪ್ರಂಗ್ ಮತ್ತು ಚಾರ್ಲ್ಸ್ ಡೆಲ್ಬೀಕ್ ಬರ್ಲಿನ್ ವಿಧಾನವನ್ನು ಉತ್ತರ ಅಮೆರಿಕಕ್ಕೆ ತಿಳಿಸಿಕೊಟ್ಟವರಲ್ಲಿ ಪ್ರಮುಖರು. 1994ರಲ್ಲಿ ಬಂದ ಅವರ ದೊಡ್ಡ ಗ್ರಂಥದ ಮೊದಲ ಸಂಪುಟ ಹೊಸ ಪೀಳಿಗೆಗೆ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯನ್ನು ಜೋಡಿಯಾಗಿ ನೋಡಲು ಕಲಿಸಿತು.

ಇನ್ನು, ಚಿಪ್ಪಿನ ಚೂರುಗಳು ಸುಣ್ಣ ಕೊಡುತ್ತವೆ ಎಂಬ ಗಾಸ್ ಊಹೆಯ ಗತಿ ಏನಾಯಿತು? ಸಾಮಾನ್ಯ ಕಡಲ ನೀರಿನಲ್ಲಿ ಚಿಪ್ಪು ಕರಗುವುದೇ ಇಲ್ಲ, ಕರಗಲು ಆಮ್ಲ ಬೇಕು. ಆ ಆಮ್ಲವನ್ನು ಎರಡು ಕಡೆ ಎರಡು ರೀತಿಯಲ್ಲಿ ಒದಗಿಸಿದರು. ಫ್ರಾನ್ಸಿನ ನೀಸ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಜೊಬೇರ್ ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರಿನ ಪೊಳ್ಳು ಬಿಟ್ಟು, ಅದರ ಮೇಲೆ ಹವಳ ಮರಳನ್ನು ದಪ್ಪಗೆ ಹಾಸಿದರು. ಮರಳಿನ ಆಳದಲ್ಲಿ ಆಮ್ಲಜನಕ ಕಡಿಮೆಯಾಗಿ, ಬ್ಯಾಕ್ಟೀರಿಯಾಗಳ ಉಸಿರಾಟದಿಂದ ನೀರು ಆಮ್ಲೀಯವಾಗಿ, ಮರಳು ತಾನಾಗಿ ಕರಗುತ್ತಿತ್ತು. 1980ರ ದಶಕದ ಕೊನೆಗೆ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದಲ್ಲಿ ಈ ತತ್ತ್ವದ ಮೇಲೆ ದೊಡ್ಡ ಹವಳ ತೊಟ್ಟಿ ಎದ್ದಿತು.

ಡ್ಯುಸೆಲ್ಡಾರ್ಫ್‌ನ ಲೋಬೆಕೆ ಮ್ಯೂಸಿಯಂನ ರೋಲ್ಫ್ ಹೆಬ್ಬಿಂಗ್‌ಹೌಸ್ ಇದಕ್ಕಿಂತ ನೇರವಾದ ದಾರಿ ಹಿಡಿದರು. 1990ರ ದಶಕದ ಮೊದಲ ಭಾಗದಲ್ಲಿ ಅವರು ರೂಪಿಸಿದ ಕ್ಯಾಲ್ಸಿಯಂ ರಿಯಾಕ್ಟರ್ ಎಂಬುದು ಹವಳದ ಚೂರು ತುಂಬಿದ ಕೊಳವೆ. ಅದರೊಳಗೆ ತೊಟ್ಟಿಯ ನೀರು ಸುತ್ತುತ್ತಿರುತ್ತದೆ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆ ಗುಳ್ಳೆಯಾಗಿ ಸೇರುತ್ತದೆ. ಒಳಗಿನ ಪಿಎಚ್ ಆರೂವರೆಯ ಸುತ್ತ ಇಳಿದಾಗ ಚೂರು ಕರಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹವಳ ಬಳಸುವ ಪ್ರಮಾಣದಲ್ಲೇ ಹೊರಗೆ ತೊಟ್ಟಿಕ್ಕುತ್ತವೆ. ಸತ್ತ ಹವಳ ಕರಗಿ ಜೀವಂತ ಹವಳದ ಮೈಯಾಗುತ್ತದೆ. ಆವಿಯ ಮಿತಿಯೂ ಇಲ್ಲ, ಎಷ್ಟು ದೊಡ್ಡ ತೊಟ್ಟಿಗಾದರೂ ಸಾಕು. ಹೊರಬರುವ ನೀರಿನಲ್ಲಿ ಮಿಕ್ಕ ಅನಿಲ ತೊಟ್ಟಿಯ ಪಿಎಚ್ ಇಳಿಸುತ್ತದೆ ಎಂಬುದೇ ಕೊರತೆ. ಹಾಗಾಗಿ ಹಲವರು ರಿಯಾಕ್ಟರ್ ಜೊತೆಗೆ ವಿಲ್ಕೆನ್ಸ್‌ರ ಸುಣ್ಣದ ತಿಳಿಯನ್ನೂ ಇಟ್ಟುಕೊಂಡರು.

ಸಿಲಿಂಡರು, ಕವಾಟ, ಪಂಪು ಎಲ್ಲರ ಕೈಗೆಟುಕುವ ಸರಕಲ್ಲ. ಜರ್ಮನಿಯ ಹಾನ್ಸ್ ವೆರ್ನರ್ ಬಾಲಿಂಗ್ 1990ರ ದಶಕದ ಮಧ್ಯದಲ್ಲಿ ಮೂರು ಪುಡಿಗಳ ವಿಧಾನ ಕೊಟ್ಟರು. ಒಂದು ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದು ಸೋಡಿಯಂ ಬೈಕಾರ್ಬೊನೇಟ್. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಲೆಕ್ಕದ ಪ್ರಮಾಣದಲ್ಲಿ ಕೊಟ್ಟರೆ ಹವಳ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ತೆಗೆದುಕೊಳ್ಳುತ್ತದೆ, ಸೋಡಿಯಂ ಮತ್ತು ಕ್ಲೋರೈಡ್ ಉಳಿಯುತ್ತವೆ. ಅಂದರೆ ಅಡುಗೆ ಉಪ್ಪು ಉಳಿಯುತ್ತದೆ. ಅದು ದಿನೇ ದಿನೇ ಕೂಡಿಕೊಂಡು ಇತರ ಲವಣಗಳ ಅನುಪಾತವನ್ನು ಕೆಡಿಸುತ್ತದೆ. ಬಾಲಿಂಗ್ ಇದನ್ನು ಮೊದಲೇ ಎಣಿಸಿ, ಅಡುಗೆ ಉಪ್ಪನ್ನು ಮಾತ್ರ ಬಿಟ್ಟು ಕಡಲಿನ ಉಳಿದೆಲ್ಲ ಲವಣಗಳಿರುವ ಮೂರನೆಯ ಪುಡಿಯನ್ನು ಸೇರಿಸಿದರು. ಮೂರೂ ಕೂಡಿದಾಗ ಉಳಿಯುವುದು ಕಡಲ ಉಪ್ಪೇ. 1854ರಲ್ಲಿ ಅಡುಗೆ ಉಪ್ಪು ತುಂಬಿ ಸುಣ್ಣ ಬಿಟ್ಟ ಪಾಕವನ್ನೂ ಈ ಪುಡಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ನಡುವಿನ ನೂರ ನಲವತ್ತು ವರ್ಷಗಳ ಕಲಿಕೆ ಕಾಣುತ್ತದೆ.

ಆಮೇಲೆ ಈ ವಿದ್ಯೆ ಅಡುಗೆಮನೆಗೆ ಬಂತು. ಅಮೆರಿಕದ ರಸಾಯನಜ್ಞ ರ‍್ಯಾಂಡಿ ಹೋಮ್ಸ್ ಫಾರ್ಲಿ ದುಬಾರಿ ಬಾಟಲಿಗಳ ಬದಲು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪಾಕಗಳನ್ನು ಬಹಿರಂಗವಾಗಿ ಬರೆದು ಹಂಚಿದರು. ಕ್ಯಾಲ್ಸಿಯಂ ಕ್ಲೋರೈಡಿಗೆ ಅವರು ತೋರಿಸಿದ್ದು ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಚೀಲಗಟ್ಟಲೆ ಮಾರುವ ಸರಕನ್ನು. ಕ್ಷಾರೀಯತೆಗೆ ಅಂಗಡಿಯ ಅಡುಗೆ ಸೋಡ. ಅದನ್ನು ತಟ್ಟೆಯಲ್ಲಿ ಹರಡಿ ಒವನ್ನಿನಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದರೆ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ವಾಷಿಂಗ್ ಸೋಡ ಉಳಿಯುತ್ತದೆ. ಕಾಯಿಸದ ಸೋಡ ಪಿಎಚ್ ಅನ್ನು ಕೊಂಚ ಇಳಿಸಿದರೆ ಕಾಯಿಸಿದ್ದು ಏರಿಸುತ್ತದೆ, ಹಾಗಾಗಿ ತೊಟ್ಟಿಯ ಸ್ವಭಾವ ನೋಡಿ ಆರಿಸಿಕೊಳ್ಳಬಹುದು. 2006ರ ಸುಧಾರಿತ ಪಾಕದಲ್ಲಿ ಮೆಗ್ನೀಸಿಯಂನ ಭಾಗವನ್ನೂ ಅವರು ಸರಿಪಡಿಸಿದರು. ಯಾವ ಲವಣ ಎಷ್ಟು ಗ್ರಾಂ, ಏಕೆ ಅಷ್ಟೇ ಎಂಬುದನ್ನೆಲ್ಲ ಬಿಡಿಸಿ ಹೇಳುವ ಅವರ ಬರಹಗಳು ರಸಾಯನಶಾಸ್ತ್ರ ಓದದ ಎಷ್ಟೋ ಜನರನ್ನು ಚಿಕ್ಕಪುಟ್ಟ ರಸಾಯನಜ್ಞರನ್ನಾಗಿ ಮಾಡಿದವು.

ಅಳತೆ ಇಲ್ಲದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಹವ್ಯಾಸಿಯ ಕೈಯಲ್ಲಿರುವ ಪರೀಕ್ಷಾ ಪೆಟ್ಟಿಗೆ ಸರಳವಾದದ್ದು: ಪುಟ್ಟ ಗಾಜಿನ ಶೀಷೆಗೆ ಐದು ಮಿಲಿಲೀಟರ್ ತೊಟ್ಟಿಯ ನೀರು, ಅದಕ್ಕೆ ಹನಿ ಹನಿಯಾಗಿ ಆಮ್ಲ ಬೆರೆತ ಬಣ್ಣದ ದ್ರಾವಣ. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಪ್ರತಿ ಹನಿಗೂ ಶೀಷೆ ಅಲುಗಾಡಿಸಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಬೇಕು. ಯಾವುದೋ ಒಂದು ಹನಿಗೆ ನೀಲಿ ತಟ್ಟನೆ ಹಳದಿಯಾಗುತ್ತದೆ. ಎಂಟನೆಯ ಹನಿಗೆ ತಿರುಗಿದರೆ ಕ್ಷಾರೀಯತೆ ಎಂಟು ಡಿಗ್ರಿ. ಒಂದು ಜರ್ಮನ್ ಡಿಗ್ರಿಯೆಂದರೆ ಲೀಟರಿಗೆ 10 ಮಿಲಿಗ್ರಾಂ ಸುಟ್ಟ ಸುಣ್ಣಕ್ಕೆ ಸಮ. ಕುಡಿಯುವ ನೀರಿನ, ಬಾಯ್ಲರ್ ನೀರಿನ ಗಡಸುತನ ಅಳೆಯಲು ಹುಟ್ಟಿದ ಮಾನ ಅದು. ಹವಳ ಸಾಕುವವರು ಅದನ್ನೇ ಉಳಿಸಿಕೊಂಡರು. ಹವಳ ದಟ್ಟವಾದ ತೊಟ್ಟಿಯಲ್ಲಿ ಇದು ದಿನಕ್ಕೆ ಒಂದೆರಡು ಡಿಗ್ರಿ ಕುಸಿಯುವುದುಂಟು. ಪಳಗಿದವರು ಅಂಕಿ ಏಳಿರಲಿ ಒಂಬತ್ತಿರಲಿ ಅದಕ್ಕಿಂತ ಹೆಚ್ಚಾಗಿ ಅದು ಅಲುಗಾಡದಿರುವುದನ್ನು ಬಯಸುತ್ತಾರೆ. ಒಂದೇ ದಿನದಲ್ಲಿ ಎತ್ತರಕ್ಕೆ ಹಾರಿದರೆ ಅಕ್ರೋಪೊರದ ತುದಿಗಳು ಸುಟ್ಟಂತೆ ಬೆಳ್ಳಗಾಗುತ್ತವೆ. ಈಗ ಗಂಟೆಗೊಮ್ಮೆ ತಾನೇ ಪರೀಕ್ಷಿಸಿ, ತಾನೇ ಹನಿ ಬಿಡುವ ಯಂತ್ರಗಳಿವೆ.

ಭಾರತದಲ್ಲಿ ಸುಣ್ಣ ಮತ್ತು ಹವಳದ ನಂಟು ಬಹುಕಾಲ ತಿರುಗಾಮುರುಗಾ ಇತ್ತು. ಸ್ಟ್ಯೂಬರ್ ಬರ್ಲಿನ್‌ನಲ್ಲಿ ಸುಣ್ಣದಿಂದ ಹವಳ ಬೆಳೆಸುತ್ತಿದ್ದ ವರ್ಷಗಳಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳನ್ನು ಅಗೆದು ಸುಣ್ಣಕ್ಕಾಗಿ ಸಾಗಿಸಲಾಗುತ್ತಿತ್ತು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಸುಣ್ಣಕ್ಕೆ ಸುಡುತ್ತಿದ್ದುದು ಹವಳವನ್ನಲ್ಲ, ಚಿಪ್ಪನ್ನು. ಅಘನಾಶಿನಿಯಂಥ ಅಳಿವೆಯಲ್ಲಿ ಆ ಚಿಪ್ಪು ಇವತ್ತಿಗೂ ಜನರ ಜೀವನೋಪಾಯದ ಭಾಗ. 1986ರಲ್ಲಿ ಮನ್ನಾರ್ ಕೊಲ್ಲಿಯ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವಾದವು. 2001ರಲ್ಲಿ ಎಲ್ಲ ಕಲ್ಲುಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ, ಹುಲಿಗೆ ಕೊಟ್ಟ ರಕ್ಷಣೆಯ ಸಾಲಿಗೆ ಸೇರಿಸಲಾಯಿತು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯ ಹವಳಕ್ಕೂ ಇದೇ ಕಾನೂನು. ಅಲ್ಲಿಂದ ಒಂದು ಚೂರು ಮುರಿದು ತರುವುದೂ ಅಪರಾಧ, ಮತ್ತು ಹಾಗಿರುವುದೇ ಸರಿ.

ಹವ್ಯಾಸಿಗಳು ತಡವರಿಸಿ ಕಂಡುಕೊಂಡದ್ದರ ಕಡೆಗೆ ವಿಜ್ಞಾನವೂ ತನ್ನದೇ ದಾರಿಯಲ್ಲಿ ಬಂತು. ಹವಾಯಿಯ ವೈಕೀಕಿ ಅಕ್ವೇರಿಯಂನ ಬಾವಿಯ ಉಪ್ಪುನೀರು ಪಿಎಚ್‌ನಲ್ಲಿ ಕಡಿಮೆ, ಪೋಷಕಾಂಶಗಳಲ್ಲಿ ಹೆಚ್ಚು. ಪುಸ್ತಕದ ಪ್ರಕಾರ ಹವಳ ಅಲ್ಲಿ ಬೆಳೆಯಬಾರದಿತ್ತು. ಮಾರ್ಲಿನ್ ಆಟ್ಕಿನ್ಸನ್, ಬ್ರೂಸ್ ಕಾರ್ಲ್ಸನ್ ಮತ್ತು ಸಂಗಡಿಗರು 1995ರಲ್ಲಿ ಅಲ್ಲಿನ ಹವಳಗಳು ಚೆನ್ನಾಗಿಯೇ ಬೆಳೆಯುತ್ತಿವೆ ಎಂದು ಅಳತೆ ಸಮೇತ ತೋರಿಸಿದರು. ಅರಿಜೋನಾ ಮರುಭೂಮಿಯ ಬಯೋಸ್ಫಿಯರ್ 2 ಕಟ್ಟಡದೊಳಗೆ 26 ಲಕ್ಷ ಲೀಟರಿಗೂ ಮೀರಿದ ಕೃತಕ ಕಡಲಿತ್ತು. ಅಲ್ಲಿ ಕ್ರಿಸ್ ಲ್ಯಾಂಗ್ಡನ್ ತಂಡ ನೀರಿನ ರಸಾಯನವನ್ನು ಬೇಕೆಂದೇ ಏರಿಳಿಸಿ ನೋಡಿತು. ಅದಕ್ಕೆ ಬಳಸಿದ್ದು ಹವ್ಯಾಸಿಗಳ ಕಪಾಟಿನಲ್ಲಿರುವ ಸಾಮಗ್ರಿಯನ್ನೇ: ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್, ಕ್ಯಾಲ್ಸಿಯಂ ಕ್ಲೋರೈಡ್. ನೀರಿನಲ್ಲಿ ಸುಣ್ಣಕಲ್ಲಿನ ಸಂತೃಪ್ತಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಇಡೀ ಹವಳ ಸಮುದಾಯ ಕಲ್ಲು ಕಟ್ಟುವ ವೇಗ ಏರಿಳಿಯುತ್ತದೆ ಎಂದು 2000ದಲ್ಲಿ ಆ ತಂಡ ಪ್ರಕಟಿಸಿತು. ಗಾಳಿಗೆ ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಕಡಲಿಗಿಳಿದು ಕಾರ್ಬೊನೇಟನ್ನು ಕಡಿಮೆ ಮಾಡುತ್ತಿರುವಾಗ ನಿಜವಾದ ಹವಳ ದಿಬ್ಬಗಳಿಗೆ ಏನಾಗಲಿದೆ ಎಂಬ ಪ್ರಶ್ನೆಗೆ ಅದು ಗಟ್ಟಿ ಆಧಾರ ಕೊಟ್ಟಿತು.

ಹದಿನಾಲ್ಕು ವರ್ಷಗಳ ಮೇಲೆ ಕೆನ್ ಕಾಲ್ಡೇರಾ ಮತ್ತು ರೆಬೆಕ್ಕಾ ಆಲ್ಬ್ರೈಟ್ ಅವರ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ವನ್ ಟ್ರೀ ದ್ವೀಪಕ್ಕೆ ಹೋಗಿ ಆ ಪ್ರಯೋಗವನ್ನು ತೊಟ್ಟಿಯಿಂದ ಹೊರಗೆ, ನಿಜವಾದ ಹವಳ ದಿಬ್ಬದ ಮೇಲೆ ಮಾಡಿತು. ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ಹರಿಯುವ ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ, ಕ್ಷಾರೀಯತೆಯನ್ನು ಎತ್ತಿ, ಕೈಗಾರಿಕಾ ಯುಗಕ್ಕೆ ಮುಂಚಿನ ಕಡಲಿಗೆ ಹತ್ತಿರವಾಗುವ ರಸಾಯನವನ್ನು ಕೊಂಚ ಹೊತ್ತು ಮರಳಿ ತಂದರು. ಹವಳಗಳು ಕಲ್ಲು ಕಟ್ಟುವ ವೇಗ ಸುಮಾರು ಶೇ 7ರಷ್ಟು ಏರಿತು. 2016ರಲ್ಲಿ ಫಲಿತಾಂಶ ಪ್ರಕಟವಾದಾಗ ಮನೆಯ ತೊಟ್ಟಿಗೆ ಹನಿ ಬಿಡುವವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ಆದರೆ ಅಳತೆಗೆ ಸಿಗುವಷ್ಟು ಚಿಕ್ಕ ಜಾಗದಲ್ಲಿ ನಡೆದದ್ದನ್ನು ತೆರೆದ ಮಹಾಸಾಗರಕ್ಕೆ ವಿಸ್ತರಿಸುವುದು ಕಾರ್ಯಸಾಧ್ಯವಲ್ಲವೆಂದು ಸಂಶೋಧಕರೇ ಹೇಳಿದರು. ಹವಳ ದಿಬ್ಬಗಳನ್ನು ಉಳಿಸಲು ಅವರು ಸೂಚಿಸಿದ ನಿಜವಾದ ಉಪಾಯ ಇಂಗಾಲದ ಹೊಗೆಯನ್ನು ತಗ್ಗಿಸುವುದು.